ಯಾವ ವಿಮಾನ ಹತ್ತಬಾರದು? ಸುರಕ್ಷತೆ, ರಾಜಕೀಯ ಎರಡನ್ನೂ ನೋಡಿ ಏರ್‌ಲೈನ್ಸ್ ಆರಿಸುವ ಸಮಗ್ರ ಮಾರ್ಗದರ್ಶಿ

2004ರ ಜನವರಿ 3ರಂದು ಬೆಳಕು ಹರಿಯುವ ಮೊದಲೇ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಿಂದ ಹೊರಟ ಫ್ಲ್ಯಾಶ್ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನ, ಮೇಲೇರಿದ ಕೆಲವೇ ನಿಮಿಷಗಳಲ್ಲಿ ಕೆಂಪು ಸಮುದ್ರಕ್ಕೆ ಬಿತ್ತು. 148 ಜನ ಸತ್ತರು. ಅವರಲ್ಲಿ ಹೆಚ್ಚಿನವರು ರಜೆ ಮುಗಿಸಿ ಮನೆಗೆ ಹೊರಟಿದ್ದ ಫ್ರೆಂಚ್ ಪ್ರವಾಸಿಗರು. ಆ ದುಃಖದ ನಡುವೆಯೇ ಇನ್ನೊಂದು ಸಂಗತಿ ಹೊರಬಿತ್ತು. 2002ರಲ್ಲೇ ಸ್ವಿಟ್ಜರ್ಲೆಂಡ್ ಈ ಕಂಪನಿಯ ವಿಮಾನವನ್ನು ತಪಾಸಣೆ ಮಾಡಿ, ಲೋಪಗಳನ್ನು ಕಂಡು, ಇನ್ನು ನಮ್ಮಲ್ಲಿಗೆ ಬರಬೇಡಿ ಎಂದು ತಡೆದಿತ್ತು. ಅಂದು ಕಂಡ ಲೋಪಗಳೇ ಈ ಅಪಘಾತಕ್ಕೆ ಕಾರಣ ಎಂದು ಸಾಬೀತಾಗಲಿಲ್ಲ, ಅದು ಬೇರೆ ಮಾತು. ಆದರೆ ಒಂದು ದೇಶದ ಅಧಿಕಾರಿಗಳಿಗೆ ಗೊತ್ತಿದ್ದದ್ದು ಪಕ್ಕದ ದೇಶದಲ್ಲಿ ಟಿಕೆಟ್ ಕೊಂಡವರಿಗೆ ಗೊತ್ತಿರಲಿಲ್ಲ. ಫೈಲಿನಲ್ಲಿದ್ದ ಮಾಹಿತಿ ಪ್ರಯಾಣಿಕರ ಕೈಗೆ ಬರಲೇ ಇಲ್ಲ.

ಆ ನೋವಿನಿಂದ ಹುಟ್ಟಿದ್ದು ಯುರೋಪಿಯನ್ ಒಕ್ಕೂಟದ 2005ರ ಕಾನೂನು. ಅದರಂತೆ 2006ರ ಮಾರ್ಚ್‌ನಲ್ಲಿ ನಿಷೇಧಿತ ಏರ್‌ಲೈನ್ಸ್‌ಗಳ ಮೊದಲ ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಯಿತು. ಇವತ್ತು ಆ ಪಟ್ಟಿ, ಅಪಘಾತಗಳ ತನಿಖಾ ವರದಿಗಳು, ವಿಮಾನ ಸಾಗಿದ ದಾರಿ ಎಲ್ಲವೂ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಆದರೂ ನಾವು ಟಿಕೆಟ್ ಕೊಳ್ಳುವಾಗ ನೋಡುವುದು ದರ, ಹೊರಡುವ ಹೊತ್ತು, ಲಗೇಜ್ ಎಷ್ಟು ಕಿಲೋ ಎಂಬುದನ್ನು ಮಾತ್ರ. ಒಂದು ಗಂಟೆ ಕೊಟ್ಟರೆ ಇದಕ್ಕಿಂತ ಚೆನ್ನಾಗಿ ಆರಿಸಬಹುದು. ಆ ಒಂದು ಗಂಟೆಯನ್ನು ಹೇಗೆ ಬಳಸಬೇಕು ಎಂಬುದಷ್ಟೇ ಈ ಬರಹ.

ಮೊದಲೇ ಒಂದು ಮಾತು. "ಈ ಕಂಪನಿಯ ವಿಮಾನ ಸುರಕ್ಷಿತವೇ?" ಎಂಬುದು ಒಂದು ಪ್ರಶ್ನೆ. "ಈ ಕಂಪನಿಗೆ ನನ್ನ ದುಡ್ಡು ಹೋಗಬೇಕೇ?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ದಾಖಲೆಗಳಲ್ಲಿ ಉತ್ತರವಿದೆ. ಎರಡನೆಯದಕ್ಕೆ ನಿಮ್ಮ ಮನಸ್ಸಾಕ್ಷಿ ಉತ್ತರಿಸಬೇಕು. ಎರಡನ್ನೂ ಕಲಸಿದರೆ ತಪ್ಪು ಲೆಕ್ಕ ಸಿಗುತ್ತದೆ: ಇಷ್ಟವಿಲ್ಲದ ದೇಶದ ಒಳ್ಳೆಯ ಏರ್‌ಲೈನ್ಸ್ ಅಪಾಯಕಾರಿ ಅನ್ನಿಸುತ್ತದೆ, ಇಷ್ಟವಾದ ದೇಶದ ಅರೆಬರೆ ಏರ್‌ಲೈನ್ಸ್ ಭದ್ರ ಅನ್ನಿಸುತ್ತದೆ. ಹಾಗಾಗಿ ಮೊದಲು ಸುರಕ್ಷತೆಯ ಲೆಕ್ಕ ಮುಗಿಸಿ, ಆಮೇಲೆ ರಾಜಕೀಯಕ್ಕೆ ಬನ್ನಿ.

ಹಂತ 1: ನಿಜವಾಗಿ ವಿಮಾನ ಹಾರಿಸುವವರು ಯಾರು?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ. ಟಿಕೆಟ್ ಮೇಲಿನ ಹೆಸರು ಒಬ್ಬರದು, ಕಾಕ್‌ಪಿಟ್‌ನಲ್ಲಿ ಕೂತವರಿಗೆ ಸಂಬಳ ಕೊಡುವವರು ಇನ್ನೊಬ್ಬರು ಆಗಿರಬಹುದು.

ಇದು ಮೂರು ರೀತಿಯಲ್ಲಿ ಆಗುತ್ತದೆ. ಕೋಡ್‌ಶೇರ್ ಎಂದರೆ ಒಂದು ಕಂಪನಿ ತನ್ನ ಫ್ಲೈಟ್ ನಂಬರ್ ಹಾಕಿ ಇನ್ನೊಂದು ಕಂಪನಿಯ ವಿಮಾನದ ಸೀಟು ಮಾರುವುದು. ವೆಟ್ ಲೀಸ್ ಎಂದರೆ ವಿಮಾನ, ಪೈಲಟ್, ಸಿಬ್ಬಂದಿ, ನಿರ್ವಹಣೆ ಎಲ್ಲವನ್ನೂ ಬೇರೆಯವರಿಂದ ಬಾಡಿಗೆಗೆ ತರುವುದು. ಮೂರನೆಯದು, ದೊಡ್ಡ ಕಂಪನಿಯ ಬಣ್ಣ ಬಳಿದುಕೊಂಡು ಚಿಕ್ಕ ಪ್ರಾದೇಶಿಕ ಕಂಪನಿ ಹಾರಿಸುವ ವಿಮಾನ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೊ ಬಳಿ ಬಿದ್ದು 50 ಜನರ ಸಾವಿಗೆ ಕಾರಣವಾದ ವಿಮಾನದ ಟಿಕೆಟ್ ಮೇಲೆ ಇದ್ದದ್ದು ಕಾಂಟಿನೆಂಟಲ್ ಹೆಸರು, ಹಾರಿಸುತ್ತಿದ್ದದ್ದು ಕೋಲ್ಗನ್ ಏರ್. ವೇಗ ಕುಸಿದ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಬೇಕಾದ್ದಕ್ಕೆ ತದ್ವಿರುದ್ಧವಾಗಿ ವರ್ತಿಸಿದರು ಎಂದು ತನಿಖೆ ಹೇಳಿತು. ಪೈಲಟ್‌ಗಳ ದಣಿವು, ತರಬೇತಿ ಎರಡೂ ಚರ್ಚೆಗೆ ಬಂದವು. ಮೃತರ ಮನೆಯವರು ಪಟ್ಟು ಬಿಡದೆ ಹೋರಾಡಿದ್ದರಿಂದ, ಟಿಕೆಟ್ ತೋರಿಸುವ ಮೊದಲ ಪುಟದಲ್ಲೇ ವಿಮಾನ ಹಾರಿಸುವವರ ಹೆಸರು ಇರಬೇಕೆಂಬ ನಿಯಮ ಅಮೆರಿಕದಲ್ಲಿ ಬಂತು. ಯುರೋಪಿನ 2005ರ ಕಾನೂನಿನಲ್ಲೂ ಈ ಹಕ್ಕಿದೆ.

ನನಗೆ ಈ ಪಾಠ ಸಿಕ್ಕಿದ್ದು ಅಮ್ಮನ ಟಿಕೆಟ್‌ನಿಂದ. ಹೆಸರಾಂತ ಏರ್‌ಲೈನ್ಸ್ ನೋಡಿ, ನೆಮ್ಮದಿಯಿಂದ ಬುಕ್ ಮಾಡಿದ್ದೆ. ಪ್ರಯಾಣಕ್ಕೆ ಹತ್ತು ದಿನ ಇರುವಾಗ ಪ್ರಿಂಟ್ ತೆಗೆಯಲು ಇಮೇಲ್ ತೆರೆದೆ. ಎರಡನೇ ಹಾರಾಟದ ನಂಬರ್‌ನ ಕೆಳಗೆ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ "ಆಪರೇಟೆಡ್ ಬೈ" ಎಂದು ಆರಂಭವಾಗುವ ಒಂದು ಸಾಲು ಇತ್ತು. ಆಮೇಲೆ ನಾನು ಎಂದೂ ಕೇಳಿರದ ಒಂದು ಹೆಸರು. ಹುಡುಕಿದರೆ ಮೂರ್ನಾಲ್ಕು ವಿಮಾನಗಳನ್ನಿಟ್ಟುಕೊಂಡು ಬೇರೆಯವರಿಗೆ ಬಾಡಿಗೆ ಕೊಡುವ ಕಂಪನಿ. ಯಾವ ಸುರಕ್ಷತಾ ಆಡಿಟ್ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ಅದು ಕೆಟ್ಟ ಕಂಪನಿ ಎಂದು ನಾನು ಹೇಳುತ್ತಿಲ್ಲ. ಅಮ್ಮನನ್ನು ಯಾರ ಕೈಗೆ ಒಪ್ಪಿಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ, ಅದು ನನ್ನ ಎದೆಗೆ ನಾಟಿತು. ಫೋನ್ ಮಾಡಿ, ಬದಲಾವಣೆ ಶುಲ್ಕ ಕಟ್ಟಿ, ಆ ಹೆಸರಾಂತ ಏರ್‌ಲೈನ್ಸೇ ಹಾರಿಸುವ ಮಧ್ಯಾಹ್ನದ ವಿಮಾನಕ್ಕೆ ಬದಲಿಸಿದೆ.

ನೀವು ಮಾಡಬೇಕಾದ್ದು ಇಷ್ಟು. ದುಡ್ಡು ಕಟ್ಟುವ ಮೊದಲು ಪ್ರತಿಯೊಂದು ಹಾರಾಟದ ವಿವರವನ್ನೂ ಬಿಡಿಸಿ ಆ ಸಾಲು ಓದಿ. ಆ ಹೆಸರನ್ನು ಬರೆದಿಟ್ಟುಕೊಳ್ಳಿ, ಮುಂದಿನ ಎಲ್ಲ ಹಂತಗಳೂ ಆ ಹೆಸರಿಗೇ ಅನ್ವಯ. ಆಮೇಲೆ ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರೇಡಾರ್24 ಎಂಬ ತಾಣದಲ್ಲಿ ಆ ಫ್ಲೈಟ್ ನಂಬರ್ ಹಾಕಿ, ಹಿಂದಿನ ಒಂದು ವಾರ ಯಾವ ವಿಮಾನಗಳು ಹೋಗಿವೆ ನೋಡಿ. ಪ್ರತಿ ವಿಮಾನಕ್ಕೂ ನೋಂದಣಿ ಸಂಖ್ಯೆ ಇರುತ್ತದೆ, ಅದರ ಮೊದಲಕ್ಷರಗಳು ಯಾವ ದೇಶದಲ್ಲಿ ನೋಂದಣಿಯಾಗಿದೆ ಎಂದು ಹೇಳುತ್ತವೆ. ಏರ್‌ಲೈನ್ಸ್ ಒಂದು ದೇಶದ್ದು, ವಿಮಾನದ ನೋಂದಣಿ ಸಂಬಂಧವೇ ಇಲ್ಲದ ಇನ್ನೊಂದು ದೇಶದ್ದು ಎಂದಾದರೆ ವೆಟ್ ಲೀಸ್ ಇರಬಹುದು, ಫೋನ್ ಮಾಡಿ ಕೇಳಿ.

ಒಂದು ಗುಂಪಿಗೆಂದೇ ಬಾಡಿಗೆಗೆ ಪಡೆಯುವ ಚಾರ್ಟರ್ ವಿಮಾನಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ತಂಡ, ಯಾತ್ರೆ, ಪ್ಯಾಕೇಜ್ ಟೂರ್ ಎಂದು ಹೋಗುವಾಗ ವಿಮಾನ ಆರಿಸುವವರು ನಾವಲ್ಲ. 2016ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಶಾಪೆಕೊಯೆನ್ಸೆ ಫುಟ್‌ಬಾಲ್ ತಂಡವನ್ನು ಹೊತ್ತು ಹೊರಟ ಲಾಮಿಯಾ ಕಂಪನಿಯ ಚಾರ್ಟರ್ ವಿಮಾನ ಕೊಲಂಬಿಯಾದ ಮೆಡಿಯೀನ್ ಬಳಿ ಇಂಧನ ಮುಗಿದು ಬಿತ್ತು, 71 ಜನ ಸತ್ತರು. ಹಾರಾಟಕ್ಕೆ ಹಿಡಿಯುವಷ್ಟು ಹೊತ್ತಿಗೆ ಸರಿಯಾಗಿ ಸಾಲುವಷ್ಟು ಇಂಧನ ತುಂಬಿಸಿ, ಮೀಸಲು ಇಲ್ಲದೆ ಹೊರಟಿದ್ದರು. ಟೂರ್ ಆಯೋಜಕರನ್ನು ವಿಮಾನದ ಕಂಪನಿ ಯಾವುದು ಎಂದು ಲಿಖಿತವಾಗಿ ಕೇಳಿ. ಹೇಳಲು ಹಿಂದೇಟು ಹಾಕಿದರೆ ಅದೇ ನಿಮಗೆ ಉತ್ತರ.

ಹಂತ 2: ಆ ಕಂಪನಿಯ ಮೇಲೆ ಕಣ್ಣಿಡುವವರು ಹೇಗಿದ್ದಾರೆ?

ಏರ್‌ಲೈನ್ಸ್‌ಗಿಂತ ಮೊದಲು ಅದಕ್ಕೆ ಲೈಸೆನ್ಸ್ ಕೊಡುವ ಪ್ರಾಧಿಕಾರವನ್ನು ನೋಡಬೇಕು. ಪೈಲಟ್‌ಗಳ ಪರೀಕ್ಷೆ, ಮೆಕ್ಯಾನಿಕ್‌ಗಳ ಅರ್ಹತೆ, ದುರಸ್ತಿ ದಾಖಲೆಗಳ ತಪಾಸಣೆ ಎಲ್ಲ ಅವರ ಕೈಯಲ್ಲಿದೆ. ಕಾಯುವವರು ಸಡಿಲವಾದರೆ ಒಳ್ಳೆಯ ಕಂಪನಿಯೂ ನಿಧಾನಕ್ಕೆ ಸಡಿಲವಾಗುತ್ತದೆ.

ನೋಡಬೇಕಾದ ಪಟ್ಟಿಗಳು ಮೂರು. ಮೊದಲನೆಯದು ಯುರೋಪಿಯನ್ ಒಕ್ಕೂಟದ ವಾಯು ಸುರಕ್ಷತಾ ಪಟ್ಟಿ. ಅದರ ಎ ಭಾಗದಲ್ಲಿ ಪೂರ್ತಿ ನಿಷೇಧಿತರು, ಬಿ ಭಾಗದಲ್ಲಿ ಷರತ್ತಿನ ಮೇಲೆ ಬಿಟ್ಟುಕೊಂಡವರು. ಉದಾಹರಣೆಗೆ ಉತ್ತರ ಕೊರಿಯದ ಏರ್ ಕೊರ್ಯೊಗೆ ತನ್ನ ಟುಪೊಲೆವ್ ಟಿಯು-204 ವಿಮಾನಗಳಲ್ಲಿ ಮಾತ್ರ ಬರಲು ಅವಕಾಶ. ಎಷ್ಟೋ ಸಲ ಇಡೀ ದೇಶದ ಕಂಪನಿಗಳೆಲ್ಲ ಪಟ್ಟಿಯಲ್ಲಿರುತ್ತವೆ. ನೇಪಾಳದ ಎಲ್ಲ ಏರ್‌ಲೈನ್ಸ್‌ಗಳೂ 2013ರ ಡಿಸೆಂಬರ್‌ನಲ್ಲಿ ಪಟ್ಟಿ ಸೇರಿದವು. ಅಲ್ಲಿನ ಬೆಟ್ಟಗುಡ್ಡ, ಹವೆ ಕಷ್ಟದ್ದು ನಿಜ. ಆದರೆ ಮೂಲ ತಕರಾರು ಬೇರೆ: ವಿಮಾನ ನಿಲ್ದಾಣಗಳನ್ನು ನಡೆಸುವ ಸಂಸ್ಥೆಯೇ ಸುರಕ್ಷತೆಯ ನಿಯಂತ್ರಕವೂ ಆಗಿದೆ. ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡಿಕೊಳ್ಳುವ ವ್ಯವಸ್ಥೆಯನ್ನು ಎರಡಾಗಿ ಒಡೆಯಿರಿ ಎಂಬುದು ಬಹಳ ವರ್ಷಗಳ ಒತ್ತಾಯ.

ಈ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಸುರಕ್ಷಿತ ಎಂದಲ್ಲ. ಪಾಕಿಸ್ತಾನದ ಪಿಐಎ ಏರ್‌ಲೈನ್ಸ್‌ನ ಉದಾಹರಣೆ ನೋಡಿ. 2020ರ ಮೇ 22ರಂದು ಕರಾಚಿಯಲ್ಲಿ ಅದರ ವಿಮಾನ ಬಿತ್ತು. ಮರು ತಿಂಗಳು ಅಲ್ಲಿನ ವಿಮಾನಯಾನ ಸಚಿವರು ಸಂಸತ್ತಿನಲ್ಲಿ ನಿಂತು, ದೇಶದ 860 ಪೈಲಟ್‌ಗಳಲ್ಲಿ 262 ಮಂದಿಯ ಲೈಸೆನ್ಸ್ ಸಂಶಯಾಸ್ಪದ ಎಂದರು. ಯುರೋಪಿನ ಸುರಕ್ಷತಾ ಸಂಸ್ಥೆ ಇಎಎಸ್ಎ ಜುಲೈ 1ರಿಂದ ಪಿಐಎ ಹಾರಾಟದ ಅನುಮತಿಯನ್ನು ಅಮಾನತಿನಲ್ಲಿಟ್ಟಿತು, ತೆರವಾದದ್ದು 2024ರ ನವೆಂಬರ್‌ನಲ್ಲಿ. ಈ ತಡೆ ನಿಷೇಧ ಪಟ್ಟಿಯ ಮೂಲಕ ಬಂದದ್ದಲ್ಲ, ಬೇರೆ ದಾರಿಯಿಂದ ಬಂದದ್ದು. ಹಾಗಾಗಿ ಪಟ್ಟಿ ನೋಡಿದ ಮೇಲೆ ಏರ್‌ಲೈನ್ಸ್ ಹೆಸರಿನ ಜೊತೆ ಇಎಎಸ್ಎ ಎಂದು ಸೇರಿಸಿ ಸುದ್ದಿಯನ್ನೂ ಹುಡುಕಿ.

ಎರಡನೆಯದು ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್ಎಎ ಮಾಡುವ ಮೌಲ್ಯಮಾಪನ. ಇದು ಏರ್‌ಲೈನ್ಸ್‌ಗೆ ಅಂಕ ಕೊಡುವುದಿಲ್ಲ, ದೇಶದ ಪ್ರಾಧಿಕಾರವನ್ನು ಕೆಟಗರಿ 1 ಅಥವಾ 2 ಎಂದು ವಿಂಗಡಿಸುತ್ತದೆ. 2ಕ್ಕೆ ಇಳಿದ ದೇಶದ ಕಂಪನಿಗಳು ಅಮೆರಿಕಕ್ಕೆ ಹೊಸ ಹಾರಾಟ ಆರಂಭಿಸುವಂತಿಲ್ಲ. ಭಾರತ 2014ರ ಜನವರಿಯಲ್ಲಿ ಇಳಿದು 2015ರ ಏಪ್ರಿಲ್‌ನಲ್ಲಿ ಮೇಲೆ ಬಂತು, ಮೆಕ್ಸಿಕೊ 2021ರಲ್ಲಿ ಇಳಿದು 2023ರಲ್ಲಿ ಮರಳಿತು. ಮೂರನೆಯದು ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ದೇಶವಾರು ಮಾಡುವ ಆಡಿಟ್. "ಗಂಭೀರ ಸುರಕ್ಷತಾ ಆತಂಕ" ಎಂಬ ಕೆಂಪು ಬಾವುಟ ಸಿಕ್ಕ ದೇಶ ಇದ್ದರೆ ಅಲ್ಲಿ ಕಾಣುತ್ತದೆ. ಥಾಯ್ಲೆಂಡ್‌ಗೆ 2015ರ ಜೂನ್‌ನಲ್ಲಿ ಕೆಂಪು ಬಾವುಟ ಸಿಕ್ಕಿ 2017ರ ಅಕ್ಟೋಬರ್‌ನಲ್ಲಿ ಹೋಯಿತು.

ಮೂರೂ ಕಡೆ ಹೆಸರು ಕೆಟ್ಟಿದ್ದರೆ ಹಿಂದೆಮುಂದೆ ನೋಡಬೇಡಿ, ಬಿಟ್ಟುಬಿಡಿ. ಒಂದು ಕಡೆ ಮಾತ್ರ ಎಂದಾದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 3: ಕಂಪನಿಯ ಚರಿತ್ರೆ ಓದುವ ಬಗೆ

ಏರ್‌ಲೈನ್ಸ್‌ಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ನಡೆಸುವ ಐಒಎಸ್ಎ ಎಂಬ ಸುರಕ್ಷತಾ ಆಡಿಟ್‌ನ ನೋಂದಣಿ ಪಟ್ಟಿಯಲ್ಲಿ ಕಂಪನಿಯ ಹೆಸರಿದೆಯೇ ನೋಡಿ. ಐಎಟಿಎ ಸದಸ್ಯರಿಗೆ ಇದು ಕಡ್ಡಾಯ. ಚಿಕ್ಕ ಕಂಪನಿಗಳು, ಕೆಲವು ಅಗ್ಗದ ದರದ ಕಂಪನಿಗಳು ಈ ಪಟ್ಟಿಯಲ್ಲಿ ಇರಲಿಕ್ಕಿಲ್ಲ, ಅಷ್ಟರಿಂದಲೇ ಅವು ಕೆಟ್ಟವಲ್ಲ. ಆದರೆ ದುರ್ಬಲ ಪ್ರಾಧಿಕಾರದ ದೇಶದ ಕಂಪನಿಗೆ ಹೊರಗಿನವರ ಆಡಿಟ್ ಕೂಡ ಇಲ್ಲ ಎಂದಾದರೆ ಅದು ನನ್ನ ಮಟ್ಟಿಗೆ "ಬೇಡ".

ಆಮೇಲೆ ಅಪಘಾತಗಳು. ಏವಿಯೇಷನ್ ಸೇಫ್ಟಿ ನೆಟ್‌ವರ್ಕ್‌ನ ದಾಖಲೆಯಲ್ಲಿ ಏರ್‌ಲೈನ್ಸ್ ಹೆಸರಿನಿಂದ ಹುಡುಕಬಹುದು. ಏವಿಯೇಷನ್ ಹೆರಾಲ್ಡ್ ದಿನದಿನದ ಚಿಕ್ಕ ಘಟನೆಗಳನ್ನೂ ಬರೆದಿಡುತ್ತದೆ. ಎಷ್ಟು ಅಪಘಾತ ಎಂದು ಎಣಿಸಬೇಡಿ. ಯಾಕಾಯಿತು, ಆಮೇಲೆ ಏನು ಬದಲಾಯಿತು ಎಂದು ಓದಿ.

ಇಥಿಯೋಪಿಯನ್ ಏರ್‌ಲೈನ್ಸ್‌ನ 302 ನಂಬರ್‌ನ ವಿಮಾನ 2019ರ ಮಾರ್ಚ್ 10ರಂದು ಬಿದ್ದು 157 ಜನ ಸತ್ತರು. ಅದಕ್ಕೂ ಸುಮಾರು ನಾಲ್ಕೂವರೆ ತಿಂಗಳ ಹಿಂದೆ ಲಯನ್ ಏರ್‌ನ ಅದೇ ಮಾದರಿಯ ವಿಮಾನ ಬಿದ್ದು 189 ಜನ ಸತ್ತಿದ್ದರು. ಎರಡರಲ್ಲೂ ಬೋಯಿಂಗ್ 737 ಮ್ಯಾಕ್ಸ್‌ನ ಎಂಸಿಎಎಸ್ ಎಂಬ ನಿಯಂತ್ರಣ ವ್ಯವಸ್ಥೆ ಒಂದೇ ಸೆನ್ಸರ್‌ನ ತಪ್ಪು ಮಾಹಿತಿ ನಂಬಿ ಮೂತಿಯನ್ನು ಕೆಳಕ್ಕೆ ಒತ್ತಿತು. ಅಪಘಾತದ ಪಟ್ಟಿಯಲ್ಲಿ ಇದು ಏರ್‌ಲೈನ್ಸ್ ಹೆಸರಿಗೆ ಬರೆದಿರುತ್ತದೆ, ಆದರೆ ಬೇರು ಇದ್ದದ್ದು ವಿಮಾನದ ವಿನ್ಯಾಸದಲ್ಲಿ.

ಅದೇ 2000ರ ಜನವರಿಯಲ್ಲಿ ಪೆಸಿಫಿಕ್ ಸಾಗರಕ್ಕೆ ಬಿದ್ದ ಅಲಾಸ್ಕಾ ಏರ್‌ಲೈನ್ಸ್‌ನ 261 ನಂಬರ್‌ನ ವಿಮಾನದ ಕತೆಯೇ ಬೇರೆ. ಬಾಲದ ರೆಕ್ಕೆಯನ್ನು ಓರೆ ಮಾಡುವ ಒಂದು ಉದ್ದನೆಯ ಸ್ಕ್ರೂ. ಅದಕ್ಕೆ ಆಗಾಗ ಗ್ರೀಸ್ ಹಾಕಬೇಕು. ಕಂಪನಿ ಆ ಅವಧಿಯನ್ನು ಹಿಗ್ಗಿಸುತ್ತ ಹೋಯಿತು, ನಿಯಂತ್ರಕರು ಒಪ್ಪುತ್ತ ಹೋದರು. ಗ್ರೀಸ್ ಸಾಲದೆ ನಟ್ಟಿನ ಒಳಗಿನ ಎಳೆಗಳು ಸವೆದು ಕಿತ್ತುಬಂದವು, 88 ಜನ ಸತ್ತರು. ಕಂಪನಿಯ ಚರಿತ್ರೆಯಲ್ಲಿ ಹುಡುಕಬೇಕಾದ್ದು ಇಂಥದ್ದನ್ನು: ನಿರ್ವಹಣೆಯಲ್ಲಿ ಉಳಿತಾಯ, ತರಬೇತಿಯಲ್ಲಿ ಉಳಿತಾಯ, ಒಂದೇ ಬಗೆಯ ತಪ್ಪು ಮರುಕಳಿಸುವುದು.

ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 1997ರಲ್ಲಿ ಗುವಾಮ್‌ನಲ್ಲಿ 228 ಜನರ ಸಾವು ಕಂಡ ಕೊರಿಯನ್ ಏರ್‌ನ ಜೊತೆಗಿನ ಕೋಡ್‌ಶೇರ್ ಅನ್ನು 1999ರಲ್ಲಿ ಡೆಲ್ಟಾ ನಿಲ್ಲಿಸಿತ್ತು. ಕಂಪನಿ ಹೊರಗಿನಿಂದ ಪರಿಣತರನ್ನು ತಂದು, ಕ್ಯಾಪ್ಟನ್ ಎದುರು ಕಿರಿಯ ಪೈಲಟ್ ಬಾಯಿ ತೆರೆಯದಂಥ ಕಾಕ್‌ಪಿಟ್‌ನ ರೀತಿನೀತಿಯನ್ನೇ ತಿದ್ದಿಕೊಂಡಿತು. ಆಮೇಲೆ ಅದರ ವಿಮಾನದಲ್ಲಿ ಒಬ್ಬ ಪ್ರಯಾಣಿಕರೂ ಅಪಘಾತದಲ್ಲಿ ಸತ್ತಿಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಭಯ ಇಟ್ಟುಕೊಂಡು ಇವತ್ತು ಅದನ್ನು ಬಿಟ್ಟರೆ ನಷ್ಟ ನಮಗೇ.

ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಸಂಗತಿಗಳೂ ಇವೆ. ಊಟ, ಸೀಟು, ಸೇವೆಗೆ ಕೊಡುವ ನಕ್ಷತ್ರಗಳಿಗೂ ಸುರಕ್ಷತೆಗೂ ಸಂಬಂಧವಿಲ್ಲ. ವಿಮಾನದ ವಯಸ್ಸೂ ಒಂಟಿಯಾಗಿ ಏನೂ ಹೇಳದು. ಗಾಳಿಯಲ್ಲಿ ವಿಮಾನ ಕುಲುಕಿದ ವಿಡಿಯೊಗಳನ್ನಂತೂ ಬದಿಗಿಡಿ. ಆದರೆ ಪೈಲಟ್‌ಗಳಿಗೆ ತಿಂಗಳುಗಟ್ಟಲೆ ಸಂಬಳವಾಗಿಲ್ಲ, ಬಿಡಿಭಾಗ ಕೊಡುವವರಿಗೆ ಬಾಕಿ ಉಳಿದಿದೆ, ಒಂದು ವಿಮಾನದ ಭಾಗ ಕಳಚಿ ಇನ್ನೊಂದಕ್ಕೆ ಹಾಕುತ್ತಿದ್ದಾರೆ ಎಂಬ ನಂಬಲರ್ಹ ಸುದ್ದಿ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ದುಡ್ಡಿಲ್ಲದ ಕಂಪನಿಯಲ್ಲಿ ಉಳಿತಾಯ ಮೊದಲು ಶುರುವಾಗುವುದು ಪ್ರಯಾಣಿಕರ ಕಣ್ಣಿಗೆ ಬೀಳದ ಜಾಗದಲ್ಲಿ.

ಹಂತ 4: ದಾರಿ ಯಾವ ಆಕಾಶದಲ್ಲಿ?

ಒಳ್ಳೆಯ ಕಂಪನಿ, ಒಳ್ಳೆಯ ವಿಮಾನ, ಒಳ್ಳೆಯ ಪೈಲಟ್. ಆದರೂ 2014ರ ಜುಲೈ 17ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಕೌಲಾಲಂಪುರಕ್ಕೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ಪೂರ್ವ ಉಕ್ರೇನಿನ ಮೇಲೆ "ಬುಕ್" ಎಂಬ ಹೆಸರಿನ ಕ್ಷಿಪಣಿಗೆ ತುತ್ತಾಗಿ 298 ಜನ ಸತ್ತರು. ಉಕ್ರೇನ್ ಅಲ್ಲಿ 32,000 ಅಡಿಯವರೆಗಿನ ಆಕಾಶವನ್ನು ಮುಚ್ಚಿತ್ತು. ವಿಮಾನ ಇದ್ದದ್ದು 33,000 ಅಡಿಯಲ್ಲಿ. ಆ ಆಕಾಶ ಪೂರ್ತಿ ಮುಚ್ಚುವ ಮೊದಲು ಅದೇ ದಿನ 160 ವಿಮಾನಗಳು ಅಲ್ಲಿ ಹಾದುಹೋಗಿದ್ದವು ಎಂದು ಡಚ್ ತನಿಖೆ ದಾಖಲಿಸಿದೆ. ಎಲ್ಲರೂ ಹೋಗುತ್ತಿದ್ದಾರೆ, ಹಾಗಾಗಿ ಪರವಾಗಿಲ್ಲ ಎಂಬ ಲೆಕ್ಕವೇ ತಪ್ಪಿತ್ತು.

2020ರ ಜನವರಿ 8ರಂದು ಟೆಹರಾನ್‌ನಿಂದ ಏರಿದ ಉಕ್ರೇನ್ ಇಂಟರ್‌ನ್ಯಾಷನಲ್‌ನ ವಿಮಾನವನ್ನು ಇರಾನಿನ ರೆವಲ್ಯೂಷನರಿ ಗಾರ್ಡ್ ಎಂಬ ಸೇನಾಪಡೆಯ ಕ್ಷಿಪಣಿಗಳೇ ಹೊಡೆದವು, 176 ಜನ ಹೋದರು. ಕೆಲವೇ ಗಂಟೆಗಳ ಹಿಂದೆ ಇರಾನ್ ಇರಾಕಿನ ನೆಲೆಗಳ ಮೇಲೆ ಕ್ಷಿಪಣಿ ಹಾರಿಸಿತ್ತು. ಅಮೆರಿಕದ ಎಫ್ಎಎ ತನ್ನ ದೇಶದ ವಿಮಾನಗಳು ಆ ಆಕಾಶಕ್ಕೆ ಹೋಗದಂತೆ ಆಗಲೇ ತಡೆದಿತ್ತು. ವಿಮಾನ ನಿಲ್ದಾಣ ಮಾತ್ರ ತೆರೆದೇ ಇತ್ತು. 2024ರ ಡಿಸೆಂಬರ್ 25ರಂದು ಬಾಕುವಿನಿಂದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ಏರ್‌ಲೈನ್ಸ್‌ನ ವಿಮಾನ ಹಾನಿಗೊಂಡು ಕಜಕಸ್ತಾನದ ಅಕ್ತಾವು ಬಳಿ ಬಿದ್ದು, 67 ಜನರಲ್ಲಿ 38 ಜನ ಸತ್ತರು. ರಷ್ಯದ ಕ್ಷಿಪಣಿಗಳು ಅದರ ಹತ್ತಿರ ಸಿಡಿದವು ಎಂದು ಆ ದೇಶದ ಅಧ್ಯಕ್ಷರು ಒಪ್ಪಿಕೊಂಡದ್ದು 2025ರ ಅಕ್ಟೋಬರ್‌ನಲ್ಲಿ.

ಹಾಗಾಗಿ ದಾರಿ ನೋಡಿ. ಫ್ಲೈಟ್‌ರೇಡಾರ್24ರಲ್ಲಿ ಹಿಂದಿನ ದಿನಗಳ ಹಾರಾಟವನ್ನು ಒತ್ತಿದರೆ ನಕ್ಷೆಯ ಮೇಲೆ ಗೆರೆ ಕಾಣುತ್ತದೆ. ಇಎಎಸ್ಎ ಹೊರಡಿಸುವ ಸಂಘರ್ಷ ವಲಯದ ಪ್ರಕಟಣೆಗಳನ್ನು, ಸೇಫ್ ಏರ್‌ಸ್ಪೇಸ್ ಎಂಬ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ. ಅದೇ ಎರಡು ನಗರಗಳ ನಡುವೆ ಹಾರುವ ಬೇರೆ ಮೂರು ಕಂಪನಿಗಳ ಗೆರೆಯನ್ನೂ ನೋಡಿ. ಎಲ್ಲರೂ ಸುತ್ತು ಹಾಕಿ ಹೋಗುವಲ್ಲಿ ಒಂದು ಕಂಪನಿ ಮಾತ್ರ ನೆಟ್ಟಗೆ ಹೋಗುತ್ತಿದ್ದರೆ, ಅದು ಉಳಿಸುತ್ತಿರುವ ಇಂಧನದ ಅಪಾಯ ನಿಮ್ಮ ತಲೆಯ ಮೇಲೆ ಬರುತ್ತದೆ. ಇದನ್ನು ಬುಕ್ ಮಾಡುವಾಗ ಒಮ್ಮೆ, ಹೊರಡುವ ಎರಡು ದಿನ ಮೊದಲು ಇನ್ನೊಮ್ಮೆ ಮಾಡಿ. ಯುದ್ಧ ನಿಮ್ಮ ಬುಕಿಂಗ್ ದಿನಾಂಕ ನೋಡಿ ಶುರುವಾಗುವುದಿಲ್ಲ.

ಹಂತ 5: ಈಗ ರಾಜಕೀಯ

ಇಲ್ಲಿ ಮೊದಲ ಪ್ರಶ್ನೆ ನಿಮ್ಮದೇ ಭದ್ರತೆ. ನೀವು ಪತ್ರಕರ್ತರೇ, ಯಾವುದಾದರೂ ಸರ್ಕಾರದ ವಿರುದ್ಧ ಬರೆದವರೇ, ಎರಡು ದೇಶಗಳ ಪಾಸ್‌ಪೋರ್ಟ್ ಇದೆಯೇ? ಹಾಗಿದ್ದರೆ ಇಳಿಯುವ ದೇಶ ಮಾತ್ರವಲ್ಲ, ವಿಮಾನ ಬದಲಿಸುವ ದೇಶ, ಹಾದುಹೋಗುವ ದೇಶ ಕೂಡ ಲೆಕ್ಕಕ್ಕೆ ಬರುತ್ತದೆ. 2021ರ ಮೇ 23ರಂದು ಅಥೆನ್ಸ್‌ನಿಂದ ವಿಲ್ನಿಯಸ್‌ಗೆ ಹೊರಟ ರಯಾನ್‌ಏರ್ ವಿಮಾನವನ್ನು ಬೆಲಾರೂಸ್ ಸುಳ್ಳು ಬಾಂಬ್ ಬೆದರಿಕೆಯ ನೆಪದಲ್ಲಿ, ಯುದ್ಧವಿಮಾನ ಕಳಿಸಿ, ಮಿನ್ಸ್ಕ್‌ನಲ್ಲಿ ಇಳಿಸಿತು. ಒಳಗಿದ್ದ ಪತ್ರಕರ್ತ ರೋಮನ್ ಪ್ರೊಟಾಸೆವಿಚ್ ಅವರನ್ನು ಬಂಧಿಸಿತು. ಅವರು ಬೆಲಾರೂಸಿಗೆ ಹೋಗುತ್ತಲೇ ಇರಲಿಲ್ಲ.

ಎರಡನೆಯದು ಕಾನೂನು. ಕೆಲವು ಏರ್‌ಲೈನ್ಸ್‌ಗಳ ಮೇಲೆ ಸರ್ಕಾರಗಳ ನಿರ್ಬಂಧಗಳಿವೆ. ಇರಾನಿನ ಮಹಾನ್ ಏರ್ ಮೇಲೆ ಅಮೆರಿಕ 2011ರಲ್ಲಿ ನಿರ್ಬಂಧ ಹೇರಿತು, 2019ರಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಅದನ್ನು ತಡೆದವು. ಇಂಥ ಕಂಪನಿಯ ಟಿಕೆಟ್‌ಗೆ ಕಾರ್ಡ್‌ನಲ್ಲಿ ದುಡ್ಡು ಕಟ್ಟಲು ಆಗದೆ ಹೋಗಬಹುದು, ಪ್ರಯಾಣ ವಿಮೆಯಲ್ಲಿ ನಿರ್ಬಂಧದ ಷರತ್ತಿದ್ದರೆ ಪರಿಹಾರವೂ ಸಿಗದೆ ಹೋಗಬಹುದು. ಪಾಲಿಸಿಯ ಆ ಪುಟ ಓದಿ.

ನಿರ್ಬಂಧ ಕೊನೆಗೆ ಸುರಕ್ಷತೆಗೂ ಬಂದು ತಾಗುತ್ತದೆ. 2022ರಲ್ಲಿ ರಷ್ಯ, ವಿದೇಶಿ ಕಂಪನಿಗಳಿಂದ ಬಾಡಿಗೆಗೆ ತಂದ ನೂರಾರು ವಿಮಾನಗಳನ್ನು ಮಾಲೀಕರ ಒಪ್ಪಿಗೆಯಿಲ್ಲದೆ ತನ್ನಲ್ಲಿ ನೋಂದಾಯಿಸಿಕೊಂಡಿತು. ಸರಿಯಾದ ಹಾರಾಟ ಯೋಗ್ಯತಾ ಪತ್ರವಿಲ್ಲದೆ ಅವು ಹಾರುತ್ತಿವೆ ಎಂದು ಯುರೋಪಿಯನ್ ಒಕ್ಕೂಟ ಆ ವರ್ಷದ ಏಪ್ರಿಲ್‌ನಲ್ಲಿ 21 ರಷ್ಯನ್ ಏರ್‌ಲೈನ್ಸ್‌ಗಳನ್ನು ಸುರಕ್ಷತಾ ಪಟ್ಟಿಗೆ ಸೇರಿಸಿತು. ಇಲ್ಲಿ ನಿಮ್ಮ ರಾಜಕೀಯ ನಿಲುವು ಏನೇ ಇರಲಿ, ಬಿಡಿಭಾಗ ಸಿಗದ ವಿಮಾನ ಬಿಡಿಭಾಗ ಸಿಗದ ವಿಮಾನವೇ.

ಮೂರನೆಯದು ಮನಸ್ಸಾಕ್ಷಿ. ಇಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ: ತಪ್ಪು ಮಾಡಿದ್ದು ಏರ್‌ಲೈನ್ಸೇ, ಅಥವಾ ಅದರ ಮಾಲೀಕನಾದ ಸರ್ಕಾರವೇ? ಕುವೈತ್ ಏರ್‌ವೇಸ್ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಇಸ್ರೇಲಿ ಪಾಸ್‌ಪೋರ್ಟ್ ಇದ್ದವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಇದು ತಾರತಮ್ಯ ಎಂದು 2015ರಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೇಳಿದಾಗ, ಅವರನ್ನು ಹತ್ತಿಸಿಕೊಳ್ಳುವ ಬದಲು ಆ ಮಾರ್ಗವನ್ನೇ ಕೈಬಿಟ್ಟಿತು. ಅದು ತನ್ನ ದೇಶದ ಕಾನೂನಿನ ಮಾತು ಹೇಳಿದರೂ ಬಾಗಿಲಲ್ಲಿ ನಿಂತು ಬೇಡ ಎಂದದ್ದು ಕಂಪನಿಯೇ. 2019ರ ಏಪ್ರಿಲ್‌ನಲ್ಲಿ ಬ್ರೂನೈ ಸಲಿಂಗ ಸಂಬಂಧಕ್ಕೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆಯ ಕಾನೂನು ತಂದಾಗ ರಾಯಲ್ ಬ್ರೂನೈ ಏರ್‌ಲೈನ್ಸ್ ಬಹಿಷ್ಕಾರಕ್ಕೆ ಗುರಿಯಾಯಿತು. ಕಾನೂನು ಮಾಡಿದ್ದು ಕಂಪನಿಯಲ್ಲ, ಆದರೆ ಕಂಪನಿ ಸರ್ಕಾರದ್ದು. ಒಂದು ಟಿಕೆಟ್ ಏಜೆನ್ಸಿ ಅದರ ಟಿಕೆಟ್ ಮಾರುವುದನ್ನು ನಿಲ್ಲಿಸಿತು. ಎಲ್ಲ ಕಡೆಯ ಒತ್ತಡ ಸೇರಿ, ಮೇ ತಿಂಗಳಲ್ಲಿ ಸುಲ್ತಾನರು ಮರಣದಂಡನೆ ಜಾರಿ ಮಾಡುವುದಿಲ್ಲ ಎಂದು ಘೋಷಿಸಿದರು.

ಮಾಲೀಕ ಸರ್ಕಾರದ ಸಿಟ್ಟನ್ನು ಕಂಪನಿಯ ಸಿಬ್ಬಂದಿಯ ಮೇಲೆ ತೀರಿಸಿಕೊಳ್ಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅದು. ಟಿಕೆಟ್ ಕೊಳ್ಳದಿರುವುದು ಒಂದು, ಆ ದೇಶದ ಜನರನ್ನೇ ದೂರುವುದು ಇನ್ನೊಂದು.

ಬಹಿಷ್ಕಾರ ಫಲ ಕೊಡುವುದು ಬೇಡಿಕೆ ಸ್ಪಷ್ಟವಾಗಿದ್ದಾಗ. ದಕ್ಷಿಣ ಆಫ್ರಿಕಾದ ವರ್ಣಭೇದದ ದಿನಗಳನ್ನು ನೆನೆಯಿರಿ. 1963ರಿಂದ ಆಫ್ರಿಕದ ಅನೇಕ ದೇಶಗಳು ಸೌತ್ ಆಫ್ರಿಕನ್ ಏರ್‌ವೇಸ್‌ಗೆ ತಮ್ಮ ಆಕಾಶ ಮುಚ್ಚಿದವು. ಆ ವಿಮಾನಗಳು ಪಶ್ಚಿಮ ಆಫ್ರಿಕದ ಉಬ್ಬನ್ನು ಸುತ್ತಿಕೊಂಡು, ಕೇಪ್ ವರ್ಡಿಯ ಸಾಲ್ ದ್ವೀಪದಲ್ಲಿ ಇಂಧನ ತುಂಬಿಸಿಕೊಂಡು ಯುರೋಪಿಗೆ ಹೋಗಬೇಕಾಯಿತು. 1986ರಲ್ಲಿ ಅಮೆರಿಕವೂ ಬಾಗಿಲು ಹಾಕಿತು. ಬೇಡಿಕೆ ಒಂದೇ, ಎಲ್ಲರಿಗೂ ಗೊತ್ತಿದ್ದದ್ದು: ವರ್ಣಭೇದ ಬಿಡಿ. ಚಿಕ್ಕ ಬೇಡಿಕೆಯೂ ಗೆಲ್ಲುತ್ತದೆ. ಪ್ರಯೋಗಾಲಯಗಳಿಗೆ ಕೋತಿಗಳನ್ನು ಸಾಗಿಸಬೇಡಿ ಎಂದು ಪ್ರಾಣಿದಯಾ ಸಂಘಟನೆಗಳು ವರ್ಷಗಟ್ಟಲೆ ಕೇಳಿದ ಮೇಲೆ ಏರ್ ಫ್ರಾನ್ಸ್ 2022ರಲ್ಲಿ ನಿಲ್ಲಿಸುವುದಾಗಿ ಹೇಳಿತು.

ಹಂತ 6: ಬಿಟ್ಟರೆ ಬದಲು ಏನು?

ಇದನ್ನು ಮರೆತರೆ ಹಿಂದಿನ ಶ್ರಮವೆಲ್ಲ ವ್ಯರ್ಥ. ಅಮೆರಿಕದ ಎಂಐಟಿ ಸಂಶೋಧಕರ ಲೆಕ್ಕದ ಪ್ರಕಾರ 2018ರಿಂದ 2022ರವರೆಗೆ ಜಗತ್ತಿನಾದ್ಯಂತ ಪ್ರತಿ 1.37 ಕೋಟಿ ಪ್ರಯಾಣಿಕರಿಗೆ ಒಬ್ಬರು ವಿಮಾನ ಅಪಘಾತದಲ್ಲಿ ಸತ್ತಿದ್ದಾರೆ. ಸುರಕ್ಷತೆಯಲ್ಲಿ ಕೆಳಗಿನ ಗುಂಪಿನ ದೇಶಗಳಲ್ಲಿ ಈ ಅಪಾಯ ಮೇಲಿನ ಗುಂಪಿಗಿಂತ 30 ಪಟ್ಟಿಗೂ ಜಾಸ್ತಿ. ಅಂದರೆ ಆಯ್ಕೆಗೆ ಅರ್ಥವಿದೆ. ಆದರೆ ವಿಮಾನ ಬೇಡ ಎಂದು ಕಡಿದಾದ ಬೆಟ್ಟದ ರಸ್ತೆಯಲ್ಲಿ ರಾತ್ರಿಯಿಡೀ ಬಸ್ಸಿನಲ್ಲಿ ಹೋಗುವುದು ಬಹಳ ಕಡೆ ಹೆಚ್ಚು ಅಪಾಯ. ಬೆಟ್ಟದ ಊರಿಗೆ ಹೋಗಲೇಬೇಕಿದ್ದರೆ, ಇರುವ ಕಂಪನಿಗಳಲ್ಲಿ ದಾಖಲೆ ಉತ್ತಮವಾದದ್ದನ್ನು ಆರಿಸಿ. ಹವೆ ತಿಳಿಯಾಗಿರುವ ಬೆಳಗಿನ ಮೊದಲ ವಿಮಾನ ಹಿಡಿಯಿರಿ, ಹಿಂದೆಮುಂದೆ ಒಂದೊಂದು ದಿನ ಬಿಡುವು ಇಟ್ಟುಕೊಳ್ಳಿ. ಮೋಡ ಕವಿದು ಹಾರಾಟ ರದ್ದಾದರೆ ಪೈಲಟ್ ಮೇಲೆ ಒತ್ತಡ ಹಾಕುವವರಲ್ಲಿ ನೀವಿರಬಾರದು.

ಹಂತ 7: ಪತ್ರ ಬರೆಯಿರಿ, ಪಟ್ಟಿ ಇಟ್ಟುಕೊಳ್ಳಿ

ಸುಮ್ಮನೆ ಬೇರೆ ಟಿಕೆಟ್ ಕೊಂಡರೆ ಕಂಪನಿಗೆ ಯಾಕೆಂದು ತಿಳಿಯುವುದಿಲ್ಲ. ನಾನು ಬರೆಯುವುದು ನಾಲ್ಕೇ ಸಾಲು: "ಇಂಥ ದಿನಾಂಕಕ್ಕೆ ಇಂಥ ಮಾರ್ಗದಲ್ಲಿ ಪ್ರಯಾಣ ಮಾಡಬೇಕಿತ್ತು. ನಿಮ್ಮ ವಿಮಾನ ಆ ಸಂಘರ್ಷ ವಲಯದ ಮೇಲೆ ಹೋಗುತ್ತದೆ ಎಂಬ ಕಾರಣಕ್ಕೆ ಬೇರೆ ಕಂಪನಿಯ ಟಿಕೆಟ್ ಕೊಂಡೆ. ನೀವು ಮಾರ್ಗ ಬದಲಿಸಿದರೆ ಮತ್ತೆ ನಿಮ್ಮಲ್ಲಿಗೆ ಬರುತ್ತೇನೆ. ಉತ್ತರ ನಿರೀಕ್ಷಿಸುತ್ತೇನೆ." ಒಮ್ಮೆ ಒಂದು ಕಂಪನಿಯಿಂದ, ಆ ಮಾರ್ಗವನ್ನು ಯಾವ ಎತ್ತರದಲ್ಲಿ, ಯಾರ ಸಲಹೆ ಪಡೆದು ಹಾರಿಸುತ್ತೇವೆ ಎಂದು ಎರಡು ಪುಟದ ಉತ್ತರ ಬಂತು. ಆ ಉತ್ತರ ಓದಿ ನಾನು ನಿರ್ಧಾರ ಬದಲಿಸಲಿಲ್ಲ, ಆದರೆ ಅವರನ್ನು ನನ್ನ "ಬೇಡ" ಏರ್‌ಲೈನ್ಸ್‌ಗಳ ಪಟ್ಟಿಯ ಮೇಲಿನ ಸಾಲಿನಿಂದ ಕೆಳಗೆ ಇಳಿಸಿದೆ.

ಪಟ್ಟಿ ಎಂದರೆ ಒಂದು ನೋಟ್‌ಬುಕ್ಕಿನ ಎರಡು ಪುಟ. ಎಡಗಡೆಯದು ಸುರಕ್ಷತೆಗೆ, ಬಲಗಡೆಯದು ರಾಜಕೀಯಕ್ಕೆ. ಪ್ರತಿ ಹೆಸರಿನ ಮುಂದೆ ಸೇರಿಸಿದ ದಿನಾಂಕ, ಸೇರಿಸಿದ ಕಾರಣ, ಏನಾದರೆ ತೆಗೆಯುತ್ತೇನೆ ಎಂಬ ಒಂದು ಸಾಲು. ಆ ಕೊನೆಯ ಸಾಲು ಬರೆಯಲು ಆಗದಿದ್ದರೆ ಹೆಸರನ್ನು ಸೇರಿಸುವುದೇ ಇಲ್ಲ. ಇಂಡೊನೇಷ್ಯದ ಕಂಪನಿಗಳನ್ನೆಲ್ಲ ಯುರೋಪ್ 2007ರಲ್ಲಿ ನಿಷೇಧಿಸಿ, ಕೆಲವನ್ನು 2009ರಲ್ಲಿ ಬಿಟ್ಟು, ಉಳಿದವನ್ನೂ 2018ರ ಜೂನ್‌ನಲ್ಲಿ ಬಿಟ್ಟಿತು. ಯುರೋಪಿನ ಪಟ್ಟಿ ವರ್ಷಕ್ಕೆ ಒಂದೆರಡು ಸಲ ಬದಲಾಗುತ್ತದೆ. ಹೊಸದು ಬಂದ ದಿನ ನನ್ನ ಎಡಗಡೆಯ ಪುಟವನ್ನು ಅದರ ಪಕ್ಕ ಇಟ್ಟು, ಪೆನ್ಸಿಲ್ ಹಿಡಿದು ಒಂದೊಂದೇ ಹೆಸರನ್ನು ತಾಳೆ ನೋಡುತ್ತೇನೆ.